ಅನುದಿನದ ಎಂಬಲ್ಲಿ

ಮುದಗಲ್ಲಿನ ಬಸ್‌ಸ್ಟ್ಯಾಂಡಿಗೆ ಬೆನ್ನು ಹಾಕಿ
ನನ್ನ ಝೆರಾಕ್ಸ್ ಅಂಗಡಿ. ಎರಡು ವರ್ಷ ಗ್ರೀಕು ಕಲಿತಿದ್ದೆ;
ಸೆಮಿನರಿ ಬಿಟ್ಟು ಬಂದಾಗ ಉಳಿದದ್ದು
ಒಂದೇ ಶಬ್ದ: ಎಪಿಯೂಸಿಯೋಸ್.

ಪರಲೋಕ ಮಂತ್ರದಲ್ಲಿ ರೊಟ್ಟಿಗೆ ಆತು ನಿಂತಿದೆ ಅದು.
ನಾವು ಅನುದಿನದ ಅನ್ನುತ್ತೇವೆ, ಬಾಯಿಪಾಠದ ಓಟದಲ್ಲಿ.
ಅದಕ್ಕೂ ಮುಂಚೆ ಯಾವ ಗ್ರೀಕನೂ ಆಡಿದ ಗುರುತಿಲ್ಲ,
ಸಂತೆಯಲ್ಲಿ, ನಾಟಕದಲ್ಲಿ, ಜಗಳದಲ್ಲಿ.
ಒಂದು ಕಡೆಯಿಂದ ಬಿಡಿಸಿದರೆ ಇರುವುದಕ್ಕೆ ಬೇಕಾದಷ್ಟು,
ಇನ್ನೊಂದು ಕಡೆಯಿಂದ, ಬರುವ ದಿನದ್ದು.

ಈಜಿಪ್ತಿನ ಮರಳಲ್ಲಿ ಕಿರಾಣಿ ಚೀಟಿಯೊಂದು ಸಿಕ್ಕಿತ್ತಂತೆ:
ಕಡಲೆ, ಹುಲ್ಲು, ಆಮೇಲೆ ಈ ಶಬ್ದದ ಅರ್ಧ.
ಪಂಡಿತರು ನಂಬಿದರು. ಚೀಟಿ ಕಳೆಯಿತು.
ಎಷ್ಟೋ ವರ್ಷಕ್ಕೆ ಮತ್ತೆ ಸಿಕ್ಕಾಗ ನೋಡಿದರೆ
ಎಣ್ಣೆ ಅಂತಿತ್ತು.

ಇದನ್ನು ಹೇಳಿ ನಾನು ನಕ್ಕೆ. ಚೌರಮ್ಮ ನಗಲಿಲ್ಲ.
ಕೋಟೆಯ ಕಂದಕದ ಮಗ್ಗುಲಿಗೆ ಅವಳ ಒಲೆ,
ಖಾನಾವಳಿಗೆ ದಿನಕ್ಕೆ ಇನ್ನೂರು ರೊಟ್ಟಿ.
"ಬರದಾಕಿ ಮನ್ಯಾಗ ಎಣ್ಣಿ ತೀರಿರಬೇಕು, ಪಾಪ."

ಜ್ವಾಳದ ಹಿಟ್ಟಿಗೆ ಕುದಿನೀರು, ತಟ್ಟುವ ಸದ್ದು,
ಅಂಗೈಯಗಲ ಹಂಚಿನಗಲವಾಗುವ ತನಕ.
ಕೇಳಿದೆ: ನೀ ಬೇಡೋ ರೊಟ್ಟಿ ಇವತ್ತಿಂದೋ, ನಾಳೇದೋ?

"ಮೆತ್ತಂದು ಇವತ್ತಿಂದು.
ಅಕಾ ಅಲ್ಲಿ, ಗ್ವಾಡಿಗೆ ಆನಿಸಿಟ್ಟದ್ದು, ಖಡಕ್,
ತಿಂಗಳಗಟ್ಲೆ ಇರತೈತಿ.
ಹಿಟ್ಟು ಒಂದಽ, ಉರಿ ಒಂದಽ.
ಹಂಚಿನ ಮ್ಯಾಲೆ ಎಷ್ಟೊತ್ತು ಬಿಟ್ಟಿ ಅನ್ನೂದಷ್ಟಽ."

ಆ ಶಬ್ದ ಇನ್ನೊಮ್ಮೆ ಹೇಳು ಅಂದಳು. ಹೇಳಿದೆ.
"ಎಪ್ಪಾ ಅಂತಽ ಸುರು ಆಗತೈತಿ.
ತಂದೀನ ಕರಿಯೂ ಮಾತು ಇದ್ದೀತು."

ಅಲ್ಲ, ಎಪಿ ಅಂದರೆ ಮೇಲೆ, ಎಂದು ತಿದ್ದಹೋದೆ.
ಶಬ್ದದ ಬೇರು ಹುಡುಕುವಾಗ ಕಿವಿಯನ್ನು ನಂಬಬೇಡ ಎಂದು
ಮಾಸ್ತರರು ಎರಡು ವರ್ಷ ಕುಟ್ಟಿ ಕಲಿಸಿದ್ದು.
ಅವಳು ಒದ್ದೆ ಅರಿವೆಯಿಂದ ನೀರು ಸವರಿ
ರೊಟ್ಟಿಯನ್ನು ಆಗಲೇ ಮಗುಚಿದ್ದಳು.

ಸಂಜೆ ಚರ್ಚಿನಲ್ಲಿ ಆ ಜಾಗ ಬಂತು, ತಡವರಿಸಿದೆ.
ಉಳಿದವರು ನನ್ನ ದಾಟಿ
ತಪ್ಪುಗಳ ಸಾಲಿಗೆ ಹೋಗಿಬಿಟ್ಟಿದ್ದರು.
ಅಂಗಿಯ ಜೇಬಿನಲ್ಲಿ ಅವಳು ತರಹೇಳಿ ಕೊಟ್ಟ ಚೀಟಿ:
ಉಪ್ಪು, ಕಡ್ಡಿಪೆಟ್ಟಿಗೆ,
ಆಮೇಲೆ, ಹಿಟ್ಟು ಮೆತ್ತಿ ಓದಲಾಗದ್ದು ಒಂದು.