ಎಷ್ಟಡಿ

ಬೆಳಗ್ಗೆ ಎದುರಾದವರು ಕೇಳುವುದು
ಕಾಫಿ ಆಯಿತಾ ಎಂದಲ್ಲ.
"ಏನಮ್ಮಿ, ಎಷ್ಟಡಿ?"
ತಮಿಳು ಓದಲು ಬರುವವಳು ಈ ಸಾಲಿನಲ್ಲಿ ನಾನೊಬ್ಬಳೆ,
ಧರ್ಮಪುರಿಯಿಂದ ಬಂದ ಸೊಸೆ.
ಟೀ ಅಂಗಡಿಯ ಪೇಪರಿನ ಮೂಲೆಯಲ್ಲಿ ಮೆಟ್ಟೂರಿನ ಮಟ್ಟ:
ಎಂಬತ್ತೊಂದು, ಎಪ್ಪತ್ತೊಂಬತ್ತು ಮುಕ್ಕಾಲು.
ಗಟ್ಟಿಯಾಗಿ ಓದುತ್ತೇನೆ.
ಅಡಿ ಎಂದರೆ ಅವರಿಗೂ ಅಡಿ, ನಮಗೂ ಅಡಿ.
ಅದೊಂದು ಮಾತಿಗೆ ತರ್ಜುಮೆ ಬೇಡ.

ಮದುವೆಯ ಮೂರನೆಯ ದಿನ
ದಡದ ಕಲ್ಲಿನ ಮೇಲೆ ಕೂರಿಸಿ
ಅತ್ತೆ ಈರಾಯಿ ಮನೆ ತೋರಿಸಿದಳು, ನೀರಿನತ್ತ ಕೈಮಾಡಿ:
ನಮ್ಮ ಹೊಸಿಲು ಎಪ್ಪತ್ತೆರಡು.
ಒರಳು, ಅದರ ಹಿಂದೆ, ಎಪ್ಪತ್ತು.
ಬಾವಿಕಟ್ಟೆ ಅರವತ್ತಾರು.
ಹೆಂಗಸರು ದಾಟುತ್ತಿದ್ದ ಕಡವು ನಲವತ್ತಕ್ಕೂ ಕೆಳಗೆ,
ಅದನ್ನು ನಾನೂ ಕಂಡಿಲ್ಲ.

ಅವಳೂ ಆ ಮನೆಯಲ್ಲಿ ಬಾಳಿದವಳಲ್ಲ.
ಅವಳ ಅತ್ತೆ ಹೇಳಿದ್ದು. ಆ ಅತ್ತೆ
ಹದಿನಾರರ ಬಾಣಂತಿ,
ಮಗುವನ್ನು ಮೊರದಲ್ಲಿಟ್ಟುಕೊಂಡು ಏರು ಹತ್ತಿದವಳು.
ಗಂಡಸರಿಗೆ ಸಿಕ್ಕಿದ್ದು ಸೀಲು ಒತ್ತಿದ ಕಾಗದ,
ಗುಡ್ಡದ ಕಡೆ ಕಲ್ಲುಭೂಮಿ.
ಮರಳುದಿಬ್ಬದಲ್ಲಿ ಸೌತೆ ಬೆಳೆದು ಮಾರುತ್ತಿದ್ದವರಿಗೆ
"ಅದು ಹೊಳೆಯದಲ್ಲವಾ" ಎಂದನಂತೆ ಗುಮಾಸ್ತ.
ಹೊಳೆಯದೇ. ಅದಕ್ಕೇ ನಮ್ಮದು
ಎನ್ನಲು ಆಗ ಯಾರಿಗೂ ತೋಚಲಿಲ್ಲ.

ಆಚೆ ದಡದಿಂದ ತಂದ ಸೊಸೆಯರು ಹನ್ನೊಂದು ಮಂದಿ.
ಬೇಸಿಗೆಯಲ್ಲಿ ಮೊಣಕಾಲುದ್ದ ನೀರು ದಾಟಿದರೆ ತವರು,
ಮಧ್ಯಾಹ್ನ ಹೋಗಿ ಹಾಲು ಕರೆಯುವ ಹೊತ್ತಿಗೆ ವಾಪಸು.
ಆಮೇಲೆ ಎರಡು ಬಸ್ಸು, ಒಂದು ಹರಿಗೋಲು,
ಯಾರಾದರೂ ಸತ್ತರೆ ಮಾತ್ರ.

ನೀರು ಇಳಿದಲ್ಲಿ ಈಗಲೂ ಬಿತ್ತುತ್ತೇವೆ,
ಮುತ್ತಜ್ಜಿಯರ ಹೊಸಿಲ ಮೇಲೆ ಸೌತೆ, ಅಲಸಂದೆ.
ಪಟ್ಟಾ ಇಲ್ಲ. ಕಾವಲಿನವನು ಬಂದರೆ
ನಾಲ್ಕು ಕಾಯಿ ಕೊಟ್ಟು ಕಳಿಸುತ್ತೇವೆ.
ಮೇಲೆ ನಮ್ಮ ಮಾತಿನವರು ಬಾಗಿಲು ಎತ್ತುತ್ತಾರೆ,
ಕೆಳಗೆ ನಮ್ಮ ರೇಷನ್ ಕಾರ್ಡಿನವರು ಬಾಗಿಲು ಮುಚ್ಚುತ್ತಾರೆ.
ಗಲಾಟೆಯ ದಿನಗಳಲ್ಲಿ
ಬಸ್ಸಿನಲ್ಲಿ ಬಾಯಿ ಬಿಡುವುದಿಲ್ಲ ನಾವು.

ಹೋದ ವರ್ಷ ಕೊಡಗಿನಲ್ಲಿ ಬೇಗ ಹಿಡಿಯಿತು ಮಳೆ.
ಅರವತ್ತೊಂಬತ್ತು ಎಂದು ಓದಿದ ರಾತ್ರಿಯೇ
ಕಪ್ಪೆಗಳ ಕೂಗು ಹತ್ತಿರಕ್ಕೆ ಬಂತು.
ಪೇಪರಿನದು ನಿನ್ನೆಯ ಮಟ್ಟ, ಮರೆತಿದ್ದೆ.
ಫೋನಿನ ಟಾರ್ಚು ಹಲ್ಲಲ್ಲಿ ಕಚ್ಚಿ
ಹೆಬ್ಬೆಟ್ಟಿನಷ್ಟಿದ್ದ ಹೀಚನ್ನೂ ಕಿತ್ತೆವು
ಹದಿನಾಲ್ಕು ಹೆಂಗಸರು.
ಪಾದ. ಮೀನಖಂಡ. ಮೊಣಕಾಲು.
ದೂರದಲ್ಲಿ ಅಣೆಯ ಮೇಲೆ ದೀಪದ ಸಾಲು,
ಇದೇ ನೀರು ಬಿದ್ದು ಹೊತ್ತಿದ್ದು,
ಮದುವೆಮನೆಯ ಹಾಗೆ.
ಬಳ್ಳಿ ಕಾಣುವುದಕ್ಕೆ ಸಾಲದು.

ಈರಾಯಿ ಒರಳಿನ ಹತ್ತಿರ ಕೂತುಬಿಟ್ಟಳು.
ಎಳೆದರೂ ಬರಳು.
ಗುಂಡಿಯ ಹೂಳನ್ನು ಬೆರಳಲ್ಲಿ ತೋಡಿ ತೋಡಿ
ನೀರು ತಾನಾಗಿ ತುಂಬುವವರೆಗೆ ತೊಳೆದಳು,
ನೆಂಟರು ಬರುವ ಮನೆಯಲ್ಲಿ ತೊಳೆದ ಹಾಗೆ.
ಆಮೇಲೆ ತಾನೇ ಏರು ಹತ್ತಿದಳು, ಬೈಯುತ್ತ.
ಯಾರನ್ನೆಂದು ಗೊತ್ತಾಗಲಿಲ್ಲ.

ಸಂಕ್ರಾಂತಿಗೆ ಮುಂಚೆ ಹೋದಳು.
ಅವಳನ್ನು ಇಟ್ಟದ್ದು ನೂರಿಪ್ಪತ್ತೆರಡರಲ್ಲಿ.
ತುಂಬಿ ತುಳುಕಿದರೂ ಅಣೆಗೆ ನೂರಿಪ್ಪತ್ತೇ.
ಗುಂಡಿ ತೋಡುವವರಿಗೆ ಜಾಗ ತೋರಿಸಿದ್ದು ನಾನು,
ಹೆಂಗಸು ಬರಬಾರದು ಎಂದರೂ.

ಇವತ್ತು ಪೇಪರು ಓದಿದ್ದು ಮಗಳು ಯಾಳಿನಿ.
ಎಪ್ಪತ್ತಮೂರು ಕಾಲು.
ಬೀಜ ನೆನೆ ಹಾಕಿದ್ದೇನೆ.