ಶುಕ್ರವಾರದವರೆಗೆ ಐದು

ಶಾರ್ಲೀನ್, ಮುಂದಿನ ವರ್ಷ ನೀವೂ ಹೋಗುವುದಾದರೆ
ನವೆಂಬರಿನ ನಡುವೆ, ಒಂದು ಸೋಮವಾರ ಹೋಗಿ.
ಸ್ಕೂಲು ನಡೆಯುತ್ತಿರುತ್ತದೆ, ಬಾಡಿಗೆ ಅರ್ಧಕ್ಕೆ ಇಳಿದಿರುತ್ತದೆ.
ಕಡಿಮೆ ಕೊಟ್ಟವರೆಂದು ಸಮುದ್ರವೇನೂ
ಹಿಂದೆ ಸರಿಯುವುದಿಲ್ಲ.
ಸರಿಯುತ್ತದೆ, ಆರು ಗಂಟೆಗೊಮ್ಮೆ. ಆದರೆ ಎಲ್ಲರಿಗೂ.

ಮಗಳಿಗೆ ಹೊಟ್ಟೆನೋವೆಂದು ಸ್ಕೂಲಿಗೆ ಫೋನು ಮಾಡುವಾಗ
ಕಿಟಕಿ ಮುಚ್ಚು.
ಕಡಲಹಕ್ಕಿಗಳಿಗೆ ನಾಲಿಗೆಯ ಮೇಲೆ ಹಿಡಿತವಿಲ್ಲ.

ಡಿಕ್ಕಿಯಲ್ಲಿ ಮೊದಲು ಆಲೂಗಡ್ಡೆ ಚೀಲ,
ಮೇಲೆ ಹೊದಿಕೆಗಳು (ಅಲ್ಲಿ ಟವೆಲಿಗೂ ಬಾಡಿಗೆ),
ಹೊದಿಕೆಯೊಳಗೆ ಸುತ್ತಿದ ಮಾಂಸದ ಸಾರು,
ಕಲ್ಲಾಗಿ ಹೆಪ್ಪುಗಟ್ಟಿದ್ದು, ಐಸ್‌ಕ್ರೀಮ್ ಡಬ್ಬದಲ್ಲಿ.
ಅದು ಐಸ್‌ಕ್ರೀಮ್ ಅಲ್ಲವೆಂದು
ಮಕ್ಕಳಿಗೆ ಡಾಂಕಾಸ್ಟರ್ ದಾಟುವ ಮೊದಲೇ ಹೇಳಿಬಿಡು.
ನಾನು ಹೇಳಲಿಲ್ಲ.

ಟಾಯ್ಲೆಟ್ ಪೇಪರ್ ಒಯ್ಯಿ. ಅವರಿಡುವುದು ಒಂದೇ ಸುರುಳಿ,
ನಾಲ್ಕು ಜನಕ್ಕೆ, ನಾಲ್ಕು ರಾತ್ರಿಗೆ.
ಒಲೆ ಆರಿಸಿದ ಮೇಲೆ ಅದರ ಬಾಗಿಲು ತೆರೆದಿಡು,
ಆ ಬಿಸಿಗೂ ನೀನು ಮೀಟರಿಗೆ ನಾಣ್ಯ ಹಾಕಿದ್ದೀಯ.
ಆಟದ ಯಂತ್ರಗಳ ಮುಂದೆ ಹಾಯಬೇಡ.
ಕಸದ ತೊಟ್ಟಿಗಳ ಹಿಂದೆ ಇನ್ನೊಂದು ದಾರಿಯಿದೆ,
ಈಜುಕೊಳಕ್ಕೆ ಅದೇ ಹತ್ತಿರ ಅನ್ನು.
ಹತ್ತಿರವಲ್ಲ.
ಈಜು ಮಾತ್ರ ಪುಕ್ಕಟೆ. ಬೆರಳು ಸುಕ್ಕಾಗುವವರೆಗೆ ಈಜಿಸು,
ಸುಸ್ತಾದ ಮಕ್ಕಳು ಬೇರೇನೂ ಕೇಳುವುದಿಲ್ಲ.

ಇನ್ನೊಂದು. ಇದನ್ನು ಹೇಳಲೋ ಬೇಡವೋ.
ಆರು ತುಂಬದ ಮಕ್ಕಳಿಗೆ ಅಲ್ಲಿ ದುಡ್ಡಿಲ್ಲ,
ಊಟಕ್ಕೂ ಇಲ್ಲ, ಕೈಗೆ ಕಟ್ಟುವ ಹಳದಿ ಪಟ್ಟಿಗೂ ಇಲ್ಲ.
ಡೆಕ್ಲನ್‌ಗೆ ಆರು ತುಂಬಿ ಹನ್ನೊಂದು ದಿನವಾಗಿತ್ತು.
ಕಾರಿನಲ್ಲಿ ಹೇಳಿದೆ: ಶುಕ್ರವಾರದವರೆಗೆ ನಿನಗೆ ಐದು.
ಅವನು ಬಹಳ ಹೊತ್ತು ಗಾಳಿಯಂತ್ರಗಳನ್ನು ನೋಡುತ್ತ ಕೂತ.
ಆಮೇಲೆ ಕೇಳಿದ: ಹಾಗಾದರೆ ಕೇಕು?
ಟೆಗನ್ ನಕ್ಕಳು. ಗ್ಯಾರತ್ ರೇಡಿಯೊ ಜೋರು ಮಾಡಿದ.

ಗೇಟಿನ ಹೆಂಗಸು ಪೆನ್ನು ಎತ್ತಿ ನೋಡಿದಳು.
ಅವನು ಒಂದು ಕೈಯ ಬೆರಳೆಲ್ಲ ಬಿಡಿಸಿ ತೋರಿಸಿದ,
ಇನ್ನೊಂದು ಕೈ ಜೇಬಿನಲ್ಲಿ,
ಅಲ್ಲೊಂದು ಬೆರಳು ನೆಟ್ಟಗಿದ್ದದ್ದು
ಬಟ್ಟೆಯ ಮೇಲಿಂದಲೇ ನನಗೆ ಕಾಣುತ್ತಿತ್ತು.

ಆಡಿದ ಮಾತನ್ನು ನಾವು ಮರೆತೆವು. ಅವನು ಮರೆಯಲಿಲ್ಲ.
ಶೂ ಲೇಸು ಬಿಚ್ಚಿದರೆ ಕಾಲು ಚಾಚಿ ನಿಂತ.
ಕಟ್ಟುವುದನ್ನು ಹುಟ್ಟುಹಬ್ಬದ ವಾರವಷ್ಟೇ ಕಲಿತಿದ್ದ,
ಐದರವನಿಗೆ ಅದು ಹೇಗೆ ಬರಬೇಕು?
ಕತ್ತಲಾದರೆ ನಮ್ಮಿಬ್ಬರ ನಡುವೆ ಬಂದು ಮಲಗಿದ,
ತಣ್ಣನೆಯ ಪಾದಗಳನ್ನು ನನ್ನ ಹೊಟ್ಟೆಗೆ ಒತ್ತಿ.
ಮರಳ ದಿಬ್ಬದ ಬುಡದಲ್ಲಿ ಎರಡೂ ತೋಳೆತ್ತಿ
ಎತ್ತಿಕೋ ಅಂದ.
ಗೋದಾಮಿನ ಕೆಲಸದಲ್ಲಿ ಗ್ಯಾರತ್‌ನ ಸೊಂಟ ಹೋಗಿದೆ, ನಿನಗೆ ಗೊತ್ತು.
ಆದರೂ ಎತ್ತಿಕೊಂಡ. ಹೆಗಲ ಮೇಲೆ ಕೂರಿಸಿಕೊಂಡು
ನೀರಿನ ಅಂಚಿನವರೆಗೆ ಹೋದ,
ಹೋದವನು ಬೇಗ ಬರಲೇ ಇಲ್ಲ.
ನಾನು ಥರ್ಮಾಸಿನ ಟೀ ಕುಡಿಯುತ್ತ ಇಬ್ಬರನ್ನೂ ನೋಡಿದೆ,
ದೂರದಿಂದ ಒಬ್ಬನೇ ಎತ್ತರದ ಮನುಷ್ಯ.

ಶುಕ್ರವಾರ, ಗೇಟು ದಾಟಿ ಮೊದಲ ಪೆಟ್ರೋಲ್ ಬಂಕಿನಲ್ಲಿ
ಮತ್ತೆ ಲೇಸು ಬಿಚ್ಚಿತ್ತು. ಅಭ್ಯಾಸದಂತೆ ಬಗ್ಗಿದೆ.
ಕಾಲು ಎಳೆದುಕೊಂಡ.
ಒದ್ದೆ ಸಿಮೆಂಟಿನ ಮೇಲೆ ಕೂತು, ನಾಲಿಗೆ ಕಚ್ಚಿ,
ಎರಡು ಕುಣಿಕೆ, ಒಂದು ಸಡಿಲ, ಒಂದು ಬಿಗಿ.
ಹಿಂದೆ ಯಾರೋ ಹಾರ್ನ್ ಹೊಡೆಯುತ್ತಿದ್ದರು.

ಒಟ್ಟು ಉಳಿದದ್ದು ಮೂವತ್ತೊಂದು ಪೌಂಡು, ಶಾರ್ಲೀನ್.
ಲೆಕ್ಕ ಚೀಟಿಯ ಹಿಂದೆ ಬರೆದಿಟ್ಟಿದ್ದೇನೆ, ಬೇಕಾದರೆ ನೋಡು.
ನಿನ್ನ ಚಿಕ್ಕವಳಿಗೆ ಏಪ್ರಿಲ್‌ನಲ್ಲಿ ಆರು ಅಲ್ಲವೇ?
ಏನು ಮಾಡಬೇಕೆಂದು ನಾನು ಹೇಳುವುದಿಲ್ಲ.
ಆಲೂಗಡ್ಡೆ ಮಾತ್ರ ಸ್ವಲ್ಪ ಹೆಚ್ಚೇ ಒಯ್ಯಿ.