ಎರಡು ವೋಲ್ಟ್

ಮೂರನೇ ಬ್ಯಾಟರಿ ಇದು, ಎಂದ ಶಿವಮಲ್ಲು.
ಮಂಡಿ ಮೊಹಲ್ಲಾದವರೆಗೆ ತಳ್ಳಿಕೊಂಡೇ ಬಂದಿದ್ದ ಗಾಡಿ,
ಕ್ಯಾರಿಯರಿನಲ್ಲಿ ಹಂಚದೆ ಉಳಿದ ಪೇಪರು ಹನ್ನೊಂದು.
ಬೆಳಗಿನ ಜಾವ ನಾಲ್ಕಕ್ಕೆ ಬಂಡಲು ಎತ್ತಿ
ಲಲಿತಮಹಲಿನ ಆಚೆ, ವರುಣದ ಕಡೆ ಹೋಗುವವನು.
ದಾರಿಯಲ್ಲಿ ಹೆಡ್‌ಲೈಟು ಮೊದಲು ತುಪ್ಪದ ಬಣ್ಣ,
ಆಮೇಲೆ ಬೆಲ್ಲದ ಬಣ್ಣ,
ಆಮೇಲೆ ಹಲ್ಲಲ್ಲಿ ಕಚ್ಚಿದ ಟಾರ್ಚು.
"ಕಂಪನಿಯೋರೇ ಮೋಸ ಕಣಣ್ಣ, ಆರು ತಿಂಗ್ಳೂ ಬಾಳಲ್ಲ."

ಖಲೀಲ್ ಸಾಹೇಬರು ತಲೆ ಎತ್ತಲಿಲ್ಲ.
ಎಂಜಿನ್ನಿಗೆ ಸ್ಕ್ರೂಡ್ರೈವರ್ ಒತ್ತಿ, ಹಿಡಿಯನ್ನು ಕಿವಿಗಿಟ್ಟು
ಬೇರಿಂಗಿನ ವಯಸ್ಸು ಹೇಳುತ್ತಿದ್ದವರು;
ಕಿವಿ ಮಂದವಾಗಿ ಎರಡು ವರ್ಷ.
ಈಗ ಮೀಟರು ನನ್ನ ಕೈಯಲ್ಲಿ,
ಅವರ ಕಣ್ಣು ನನ್ನ ತುಟಿಯ ಮೇಲೆ.
"ಹಸಿದೋನ್ನ ಬೈಬ್ಯಾಡ," ಅಂದರು.
"ಅನ್ನ ಎಲ್ಲಿ ನಿಂತದೆ ಕೇಳು."

ಕೇಳಿದೆ.
ಅಂಗಡಿಯ ತುಂಬಿದ ಬ್ಯಾಟರಿ ಕೂರಿಸಿದರೆ
ಸುಮ್ಮನಿದ್ದಾಗ ಹನ್ನೆರಡೂವರೆ ಚಿಲ್ಲರೆ.
ಎಂಜಿನ್ ಓಡಿದರೆ ಹದಿನಾಲ್ಕಕ್ಕೆ ಏರಬೇಕು.
ಏರಲಿಲ್ಲ. ಲೈಟು ಹಾಕಿದೆ, ರೇಸ್ ಕೊಟ್ಟೆ:
ಹನ್ನೆರಡು ಪಾಯಿಂಟ್ ಒಂದು,
ಉಣ್ಣದೆ ದುಡಿಯುವವನ ಲೆಕ್ಕ.

ಸೀಟು ಬಿಚ್ಚಿ, ಸೈಡ್ ಡೋರು ಬಿಚ್ಚಿ
ಕಾಯಿಲಿನಿಂದ ಬರುವ ಮೂರು ಹಳದಿ ತಂತಿ,
ಯಾರು ಹಿರಿಯ, ಯಾರು ಕಿರಿಯ, ಗುರುತೇ ಇಲ್ಲ.
ಒಂದಕ್ಕೂ ಎರಡಕ್ಕೂ, ಎರಡಕ್ಕೂ ಮೂರಕ್ಕೂ,
ಮೂರಕ್ಕೂ ಒಂದಕ್ಕೂ ಮುಟ್ಟಿಸಿದೆ;
ಇಪ್ಪತ್ತು, ನಲವತ್ತು, ರೇಸಿಗೆ ಅರವತ್ತು,
ಮೂವರಿಗೂ ಸಮ. ಪಂಕ್ತಿಭೇದ ಇಲ್ಲ.
ಎಂಜಿನ್ ನಿಲ್ಲಿಸಿ ಚಾಸಿಸ್ಸಿಗೆ ಹಿಡಿದು ನೋಡಿದರೆ
ಒಂದೂ ಸೋರುತ್ತಿಲ್ಲ.
"ಬಾವೀಲಿ ನೀರದೆ ಸಾಹೇಬ್ರೇ!" ಕೂಗಿದೆ.
"ಹಂಗಾದ್ರೆ ಬಾವಿ ತೋಡೋದು ಬಿಡು."

ರೆಗ್ಯುಲೇಟರು ಬದಲಾಯಿಸಲು ನನ್ನ ಕೈ ತುರಿಸಿತ್ತು.
ಅಶೋಕ ರಸ್ತೆಯಿಂದ ತಂದರೆ ಸಾವಿರದಿನ್ನೂರು,
ನನಗೂ ನೂರು ಗಿಟ್ಟುತ್ತದೆ.
ಸಾಹೇಬರು ಗ್ರೀಸು ಮೆತ್ತಿದ ಬೆರಳಿಂದ
ಅದರಿಂದ ಹೊರಡುವ ಕೆಂಪು ತಂತಿ ತೋರಿಸಿದರು.
ಆ ಬಾಯಲ್ಲಿ ಹದಿನಾಲ್ಕು ಪಾಯಿಂಟ್ ಎರಡು.
ಬ್ಯಾಟರಿಯ ಬಾಯಲ್ಲಿ ಅದೇ ಹನ್ನೆರಡು ಪಾಯಿಂಟ್ ಒಂದು.
ನಡುವೆ ಒಂದು ಮೊಳ ತಂತಿ.
ಹುಟ್ಟಿದ್ದು ಹುಟ್ಟಿದೆ. ಮುಟ್ಟಿಲ್ಲ.

ಟ್ಯಾಂಕು ಎತ್ತಿ, ತಡವುತ್ತಾ ಹೋದೆ.
ಫ್ರೇಮಿನ ಒಳಮೈಗೆ ಅಂಟಿ ಕೂತಿತ್ತು ಕೆಂಪು ಟೇಪಿನ ಗಂಟು,
ಕೈಯಿಟ್ಟರೆ ಜ್ವರದ ಹಣೆ.
ಬೆಸುಗೆ ಇಲ್ಲ, ಬರೀ ತಿರುಚಿದ್ದು,
ಒಳಗೆಲ್ಲ ಹಸಿರು ಕಿಲುಬು.
ಯಾವ ದರಿದ್ರದವನು, ಎಂದು ಬೈಯಲು ಬಾಯಿ ತೆರೆದವನು
ಟೇಪಿನ ತುದಿ ನೋಡಿದೆ.

ತುದಿ ಮಡಚಿತ್ತು.

ಬಿಚ್ಚುವವನ ಉಗುರಿಗೆ ಸಿಗಲಿ ಅಂತ
ತುದಿ ಮಡಚಿ ಬಿಡು, ಎಂದು
ಸಾಹೇಬರು ಮೊದಲ ವಾರವೇ ಕಲಿಸಿದ್ದರು ನನಗೆ.
ಈ ಬೀದಿಯಲ್ಲಿ ಬೇರೆ ಯಾರೂ ಮಡಚುವುದಿಲ್ಲ.
ಎರಡು ದಸರೆಯ ಹಿಂದೆ ಇವನಿಗೊಂದು ಎಕ್ಸ್‌ಟ್ರಾ ಲೈಟು,
ನಾನು ಎಕ್ಸಿಬಿಷನ್ನಿಗೆ ಹೊರಟಿದ್ದ ಸಂಜೆ,
ಐದೇ ನಿಮಿಷ, ಬೆಸುಗೆ ನಾಳೆ ಹಾಕೋಣ ಅಂತ.

ಸಾಹೇಬರು ಏನೂ ಅನ್ನಲಿಲ್ಲ.
ಬೆಸುಗೆ ಕಡ್ಡಿಯ ಸ್ವಿಚ್ಚು ಒತ್ತಿ
ನನ್ನತ್ತ ಸರಿಸಿದರು.

ಕತ್ತರಿಸಿದೆ, ಕೆರೆದೆ, ಬೆಸೆದೆ, ತೋಳು ತೊಡಿಸಿದೆ.
ಹದಿನಾಲ್ಕು ಪಾಯಿಂಟ್ ಒಂದು.
ಶಿವಮಲ್ಲುವಿನ ಮುಖವೇ ಹೆಡ್‌ಲೈಟು.
"ಏನಾಗಿತ್ತಣ್ಣ?"
ಎದೆಯಿಂದ ಹೊರಟದ್ದು ಪೂರಾ ಹದಿನಾಲ್ಕೇ ಇತ್ತು.
"ವೈರು ಹಳೇದಾಗಿತ್ತು," ಎಂದಿತು ನಾಲಿಗೆ.

ಎದುರು, ಚಹದ ಲೋಟ ಹಿಡಿದು
ನನ್ನ ತುಟಿಯನ್ನೇ ನೋಡುತ್ತಿದ್ದಾರೆ ಖಲೀಲ್ ಸಾಹೇಬರು.

ಇನ್ನೂರು ಕೊಟ್ಟ. ತಗೊಂಡೆ.
ನಾಳೆ ನಾಲ್ಕಕ್ಕೆ ಗಾಂಧಿ ಚೌಕದಲ್ಲಿ ಬಂಡಲು ಬೀಳುತ್ತದೆ.
ಅಷ್ಟು ಹೊತ್ತಿಗೆ ನನಗೆ ಎಚ್ಚರವಾಗಿರುತ್ತದೆ, ಗೊತ್ತು.